ದುಡ್ಡು ಕೊಟ್ಟೂ ಜಾಹೀರಾತು ನೋಡಬೇಕು ಅಂದರೆ, ದುಡ್ಡು ಯಾಕೆ ಕೊಡಬೇಕು?

ಹೋದ ತಿಂಗಳು ಒಂದು ಸಂಜೆ ಕೂತು ಎರಡು ಪಟ್ಟಿ ಮಾಡಿದೆ. ಮೊದಲನೆಯದರಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡು, ತಿಂಗಳು ತಿಂಗಳು ತಾನಾಗಿಯೇ ಕಟ್ ಆಗುತ್ತಿದ್ದ ಒಟಿಟಿ ಚಂದಾಗಳನ್ನು ಬರೆದೆ. ಎರಡನೆಯದರಲ್ಲಿ, ಅದೇ ಆ್ಯಪ್‌ಗಳ ವಾಚ್ ಹಿಸ್ಟರಿ ತೆಗೆದು, ಮೂರು ತಿಂಗಳಲ್ಲಿ ಮನೆಯಲ್ಲಿ ನಿಜವಾಗಿ ಏನೇನು ನೋಡಿದ್ದೇವೆ ಅಂತ ಬರೆದೆ. ನಾಲ್ಕು ಚಂದಾ ಇದ್ದವು. ಒಂದರಲ್ಲಿ ನೋಡಿದ್ದು ಒಂದೇ ಸರಣಿ, ಅದೂ ಅರ್ಧಕ್ಕೆ ನಿಂತಿತ್ತು. ಇನ್ನೊಂದರಲ್ಲಿ ಮೂರು ಹಳೇ ಸಿನಿಮಾ. ಹುಡುಕಿ ನೋಡಿದರೆ ಅದರಲ್ಲಿ ಎರಡು ಬೇರೆ ಕಡೆ ಪುಕ್ಕಟೆಯಾಗಿ, ಕಾನೂನು ಪ್ರಕಾರವೇ ಸಿಗುತ್ತಿದ್ದವು. ಮೂರನೆಯ ಆ್ಯಪ್ ಅನ್ನು ಯಾರೂ ತೆರೆದೇ ಇರಲಿಲ್ಲ.

ಯಾವುದೋ ಒಂದು ಚಂದಾ ದುಬಾರಿ ಅಂತ ನನಗೆ ಅನಿಸಿರಲಿಲ್ಲ. ಒಂದೊಂದೇ ನೋಡಿದರೆ ಎಲ್ಲವೂ ಸಣ್ಣ ಮೊತ್ತವೇ. ಆದರೆ ಅವು ನಿಲ್ಲುವುದಿಲ್ಲ, ಅದೇ ತೊಂದರೆ. ನೋಡಿದರೂ ಕಟ್, ನೋಡದಿದ್ದರೂ ಕಟ್. ಹಾಗಾಗಿ ಪುಕ್ಕಟೆ ಆ್ಯಪ್‌ಗಳ ಹೆಸರು ಹೇಳಿಬಿಟ್ಟರೆ ದುಡ್ಡು ಉಳಿಯುವುದಿಲ್ಲ. ಚಂದಾ ಕಟ್ಟುವಾಗ ನಾವು ನಿಜಕ್ಕೂ ಕೊಳ್ಳುತ್ತಿರುವುದು ಏನು ಅನ್ನುವುದು ಮೊದಲು ಅರ್ಥ ಆಗಬೇಕು.

ಮೊದಲು ಇದ್ದ ಒಪ್ಪಂದ ಸರಳವಾಗಿತ್ತು. ದುಡ್ಡು ಕೊಡಿ, ಜಾಹೀರಾತು ಇರುವುದಿಲ್ಲ. ಅಷ್ಟೇ. ಈ ಒಪ್ಪಂದ ಈಗ ಉಳಿದಿಲ್ಲ. ವರ್ಷಗಟ್ಟಲೆ ಜಾಹೀರಾತು ಬೇಡವೇ ಬೇಡ ಅನ್ನುತ್ತಿದ್ದ ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಲ್ಲಿ ಕೆಲವು ದೇಶಗಳಲ್ಲಿ ಜಾಹೀರಾತು ಇರುವ ಕಡಿಮೆ ದರದ ಪ್ಲಾನ್ ತಂದಿತು. ಮರುತಿಂಗಳೇ ಡಿಸ್ನಿ ಪ್ಲಸ್ ಕೂಡ ಅಮೆರಿಕದಲ್ಲಿ ಅದೇ ಹಾದಿ ಹಿಡಿಯಿತು. 2024ರ ಜನವರಿಯಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಅಮೆರಿಕದಲ್ಲಿ ಈಗಾಗಲೇ ದುಡ್ಡು ಕೊಡುತ್ತಿದ್ದವರಿಗೇ ಜಾಹೀರಾತು ತೋರಿಸಲು ಶುರು ಮಾಡಿ, ಅದು ಬೇಡ ಅನ್ನುವವರು ಇನ್ನಷ್ಟು ಕೊಡಬೇಕು ಅಂದಿತು. ಆಮೇಲೆ ಬೇರೆ ದೇಶಗಳಲ್ಲೂ ಹಾಗೇ ಆಯಿತು. ಇದರ ನಡುವೆ, 2023ರಲ್ಲಿ, ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೂ ಕಡಿವಾಣ ಹಾಕಿತು.

ಈಗ ಯೋಚಿಸಿ. ದುಡ್ಡು ಕೊಟ್ಟ ಕಡೆಯೂ ಜಾಹೀರಾತು ಇದೆ, ಕೊಡದ ಕಡೆಯೂ ಜಾಹೀರಾತು ಇದೆ. ಹಾಗಾದರೆ ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು? ಹೊಸತನ, ಮತ್ತು ಬೇರೆಲ್ಲೂ ಸಿಗದ ಕೆಲವು ಸರಣಿಗಳು. ಇದು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಕೆಲವು ಸರಣಿಗಳಿಗೆ ದುಡ್ಡು ಕೊಡಲೇಬೇಕು, ಖುಷಿಯಿಂದ ಕೊಡಬೇಕು. ಆದರೆ ವರ್ಷದ ಹನ್ನೆರಡು ತಿಂಗಳೂ ನಮಗೆ ಹೊಸದೇ ಬೇಕಾ? ನಮ್ಮ ಮನೆಯ ಪಟ್ಟಿಯಂತೂ ಇಲ್ಲ ಅಂತ ಹೇಳಿತು.

ಪುಕ್ಕಟೆ ತೋರಿಸುವವರಿಗೆ ಹೇಗೆ ಪೂರೈಸುತ್ತದೆ ಅನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ನಮ್ಮ ಚಿಕ್ಕಮ್ಮನ ಟಿವಿಯಲ್ಲಿ ಇಂಥ ಒಂದು ಆ್ಯಪ್ ಹಾಕಿಕೊಟ್ಟಾಗ ಅವರು ಮೊದಲು ಕೇಳಿದ್ದೇ, "ಇದು ಕದ್ದಿದ್ದು ಅಲ್ಲ ತಾನೇ? ಆಮೇಲೆ ನನ್ನ ಅಕೌಂಟಿಂದ ದುಡ್ಡು ಹೋದರೆ?" ಅಂತ. ಸರಿಯಾದ ಪ್ರಶ್ನೆಗಳು. ಎರಡಕ್ಕೂ ಉತ್ತರ ಒಂದು ಸಿನಿಮಾ ಹೇಗೆ ದುಡಿಯುತ್ತದೆ ಅನ್ನುವುದರಲ್ಲಿದೆ.

ಸಿನಿಮಾ ಮೊದಲು ಥಿಯೇಟರ್‌ನಲ್ಲಿ ದುಡಿಯುತ್ತದೆ. ಆಮೇಲೆ ಬಾಡಿಗೆಗೆ ಅಥವಾ ಖರೀದಿಗೆ ಆನ್‌ಲೈನ್‌ಗೆ ಬರುತ್ತದೆ. ಆಮೇಲೆ ಯಾವುದಾದರೂ ಚಂದಾ ಆ್ಯಪ್‌ಗೆ, ಆಮೇಲೆ ಟಿವಿ ಚಾನೆಲ್‌ಗೆ. ಇಷ್ಟೆಲ್ಲ ಆಗುವ ಹೊತ್ತಿಗೆ ಅದಕ್ಕಾಗಿಯೇ ದುಡ್ಡು ಕೊಡುವವರು ಕಡಿಮೆಯಾಗಿರುತ್ತಾರೆ. ಆದರೆ ನೋಡುವವರು ಇದ್ದೇ ಇರುತ್ತಾರೆ. ಸುಮ್ನೆ ಗೋಡೌನ್‌ನಲ್ಲಿ ಇಡುವ ಬದಲು ಹಕ್ಕುದಾರರು ಅದನ್ನು ಜಾಹೀರಾತು ತೋರಿಸುವ ಪುಕ್ಕಟೆ ಸೇವೆಗೆ ಕೊಡುತ್ತಾರೆ. ಎಷ್ಟೋ ಸಲ ಇದು ಪಾಲುದಾರಿಕೆ. ಜಾಹೀರಾತಿನಿಂದ ಬಂದದ್ದರಲ್ಲಿ ಇಬ್ಬರಿಗೂ ಪಾಲು. ಸೇವೆಯವರು ಮೊದಲೇ ದೊಡ್ಡ ಗಂಟು ಕೊಡಬೇಕಾಗಿಲ್ಲ, ಹಾಗಾಗಿ ಸಾವಿರಾರು ಸಿನಿಮಾ ಇಟ್ಟುಕೊಳ್ಳಬಹುದು. ಒಂದೇ ಸಿನಿಮಾ ಮೂರು ಪುಕ್ಕಟೆ ಆ್ಯಪ್‌ಗಳಲ್ಲಿ ಒಟ್ಟಿಗೇ ಸಿಗುವುದಕ್ಕೂ ಇದೇ ಕಾರಣ.

ಈ ವ್ಯಾಪಾರ ಗಟ್ಟಿ ಇದೆ ಅನ್ನುವುದಕ್ಕೆ ದೊಡ್ಡ ಕಂಪನಿಗಳು ಹಾಕಿದ ದುಡ್ಡೇ ಸಾಕ್ಷಿ. 2014ರಲ್ಲಿ ಶುರುವಾದ ಪ್ಲೂಟೊ ಟಿವಿ ಅನ್ನುವ ಪುಕ್ಕಟೆ ಸೇವೆಯನ್ನು 2019ರಲ್ಲಿ ವಯಾಕಾಮ್ 34 ಕೋಟಿ ಡಾಲರ್‌ಗೆ ಕೊಂಡಿತು. ಮರುವರ್ಷ ಅಂಥದ್ದೇ ಟ್ಯೂಬಿಯನ್ನು ಫಾಕ್ಸ್ 44 ಕೋಟಿ ಡಾಲರ್‌ಗೆ ಕೊಂಡಿತು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಅತಿ ದೊಡ್ಡ ಪಂದ್ಯ ಸೂಪರ್ ಬೌಲ್ ಅನ್ನು ಫಾಕ್ಸ್ ಇದೇ ಟ್ಯೂಬಿಯಲ್ಲಿ ಪುಕ್ಕಟೆ ತೋರಿಸಿತು. ಅದೇ ವರ್ಷ ಫುಟ್‌ಬಾಲ್ ಕ್ಲಬ್ ವಿಶ್ವಕಪ್‌ನ 63 ಪಂದ್ಯಗಳನ್ನೂ ಡಜೋನ್ (DAZN) ಅನ್ನುವ ಕ್ರೀಡಾ ಆ್ಯಪ್ ಪುಕ್ಕಟೆ ಕೊಟ್ಟಿತು. ಟಿವಿ ತಯಾರಿಸುವವರೂ ಹಿಂದೆ ಬಿದ್ದಿಲ್ಲ. ಸ್ಯಾಮ್‌ಸಂಗ್ ಟಿವಿ ಪ್ಲಸ್, ಎಲ್‌ಜಿ ಚಾನೆಲ್ಸ್ ಅಂತ ಸ್ಮಾರ್ಟ್ ಟಿವಿ ಒಳಗೇ ಪುಕ್ಕಟೆ ಚಾನೆಲ್‌ಗಳು ಕೂತಿರುತ್ತವೆ. ಎಷ್ಟೋ ಮನೆಗಳಲ್ಲಿ ಅವನ್ನು ಒಮ್ಮೆಯೂ ತೆರೆದಿರುವುದಿಲ್ಲ.

ಇವುಗಳಲ್ಲಿ ಎರಡು ಬಗೆ ಇವೆ. ಒಂದು, ಮಾಮೂಲಿ ಟಿವಿ ಥರ ಇಪ್ಪತ್ತನಾಲ್ಕು ಗಂಟೆ ಓಡುವ ಚಾನೆಲ್, ಅದರಲ್ಲಿ ಏನು ಬರುತ್ತಿದೆಯೋ ಅದನ್ನೇ ನೋಡಬೇಕು. ಇನ್ನೊಂದರಲ್ಲಿ ಬೇಕಾದ್ದನ್ನು ಆರಿಸಿಕೊಂಡು ಮೊದಲಿಂದ ನೋಡಬಹುದು. ಏನು ನೋಡಲಿ ಅಂತ ಅರ್ಧ ಗಂಟೆ ಸ್ಕ್ರಾಲ್ ಮಾಡಿ ಸುಸ್ತಾಗಿ ಮಲಗುವವರಿಗೆ ಮೊದಲನೆಯದೇ ವಾಸಿ, ನನ್ನ ಅನುಭವದಲ್ಲಿ.

ಸರಿ, ಜಾಹೀರಾತಿನ ಕಾಟ ಎಷ್ಟು? ಅಂದಾಜಿನ ಮಾತು ಬೇಡ ಅಂತ ಒಂದು ರಾತ್ರಿ ಫೋನ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಕೂತೆ. ಒಂದು ಗಂಟೆ ನಲವತ್ತು ನಿಮಿಷದ ಹಳೇ ಪತ್ತೇದಾರಿ ಸಿನಿಮಾ. ಆರು ಸಲ ಜಾಹೀರಾತು ಬಂತು, ಒಟ್ಟು ಎಂಟೂವರೆ ನಿಮಿಷ. ಮೊದಲ ಸಲ ಸಿಟ್ಟು ಬಂತು, ಯಾಕೆಂದರೆ ಬಾಗಿಲ ಹಿಂದೆ ಯಾರಿದ್ದಾರೆ ಅಂತ ತೋರಿಸುವ ಕ್ಷಣಕ್ಕೇ ನಿಲ್ಲಿಸಿದ್ದರು. ಮಾತಿನ ನಡುವೆಯೇ ಕತ್ತರಿಸಿದ್ದೂ ಒಮ್ಮೆ ಆಯಿತು. ಮೂರನೇ ಸಲದ ಹೊತ್ತಿಗೆ ಎದ್ದು ನೀರು ಕುಡಿದು ಬಂದೆ, ಐದನೇ ಸಲ ಮೇಜಿನ ಮೇಲಿದ್ದ ಬಟ್ಟೆ ಮಡಿಸಿಟ್ಟೆ. ತೊಂದರೆ ಕೊಟ್ಟಿದ್ದು ಸಮಯಕ್ಕಿಂತ ಜಾಸ್ತಿ, ಒಂದೇ ಜಾಹೀರಾತು ನಾಲ್ಕು ಸಲ ಬಂದದ್ದು. ಆ ಸಿನಿಮಾಗೆ ನನ್ನ ಎಂಟೂವರೆ ನಿಮಿಷ ಕೊಟ್ಟೆ, ಹಕ್ಕುದಾರರಿಗೆ ಅವರ ಪಾಲು ಹೋಯಿತು. ಇದು ನ್ಯಾಯವಾದ ಲೆಕ್ಕ ಅಂತಲೇ ನನಗೆ ಅನಿಸುತ್ತದೆ. ರೇಡಿಯೊ, ಟಿವಿ ಎಲ್ಲ ನಡೆದದ್ದು ಹೀಗೇ ಅಲ್ವಾ.

ಆದರೆ ಹಳೇ ಟಿವಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಳೇ ಟಿವಿ ನಮ್ಮನ್ನು ನೋಡುತ್ತಿರಲಿಲ್ಲ. ಇದು ನೋಡುತ್ತದೆ. ನಾವು ಏನು, ಎಷ್ಟು ಹೊತ್ತಿಗೆ, ಎಷ್ಟು ದೂರದವರೆಗೆ ನೋಡಿದೆವು ಅನ್ನುವ ಮಾಹಿತಿಗೆ ಬೆಲೆ ಇದೆ, ಜಾಹೀರಾತುದಾರರು ಅದಕ್ಕೇ ದುಡ್ಡು ಕೊಡುತ್ತಾರೆ. ಸ್ಮಾರ್ಟ್ ಟಿವಿಗಳಲ್ಲಿ ಪರದೆಯ ಮೇಲೆ ಏನಿದೆ ಅಂತ ಗುರುತು ಹಿಡಿಯುವ ತಂತ್ರ ಇರುತ್ತದೆ. ಆ್ಯಪ್ ಯಾವುದೇ ಇರಲಿ, ಬೇರೆ ಪೆಟ್ಟಿಗೆ ಜೋಡಿಸಿದ್ದರೂ ಸರಿ, ಚಿತ್ರದ ಸಣ್ಣ ಸಣ್ಣ ತುಣುಕು ಹೋಲಿಸಿ ಇಂಥದ್ದನ್ನು ನೋಡುತ್ತಿದ್ದಾರೆ ಅಂತ ಅದು ಹೇಳಬಲ್ಲದು. ವಿಜಿಯೊ ಅನ್ನುವ ಕಂಪನಿ ಹೀಗೆ 1 ಕೋಟಿ 10 ಲಕ್ಷ ಟಿವಿಗಳಿಂದ ಜನರಿಗೆ ಸರಿಯಾಗಿ ತಿಳಿಸದೆ ಮಾಹಿತಿ ತೆಗೆದುಕೊಂಡಿತು ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಇದಕ್ಕೆ ಹೆದರಿ ದೂರ ಓಡಬೇಕಾಗಿಲ್ಲ, ಐದು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಕೂತರೆ ಸಾಕು. ಸ್ಯಾಮ್‌ಸಂಗ್‌ನಲ್ಲಿ ಪರದೆ ಗುರುತು ಹಿಡಿಯುವ ಆ ತಂತ್ರವನ್ನು ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್ ಅಂತ ಕರೆದಿದ್ದಾರೆ, ಎಲ್‌ಜಿಯಲ್ಲಿ ಲೈವ್ ಪ್ಲಸ್. ಹೆಸರು ನೋಡಿದರೆ ಅದು ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಆಫ್ ಮಾಡಿ. ಜಾಹೀರಾತಿಗೆ ಅಂತ ಇರುವ ಗುರುತಿನ ಸಂಖ್ಯೆಯನ್ನು ರೀಸೆಟ್ ಮಾಡಿ, ನಮಗೆಂದೇ ಆರಿಸಿದ ಜಾಹೀರಾತು ಬೇಡ ಅಂತ ಹಾಕಿ. ಲಾಗಿನ್ ಆಗದೆ ನೋಡಲು ಬಿಡುವ ಸೇವೆಯಾದರೆ ಲಾಗಿನ್ ಆಗಲೇಬೇಡಿ. ಮತ್ತೆ, ದುಡ್ಡು ಕೊಡುವ ಆ್ಯಪ್‌ಗಳೂ ನಾವು ನೋಡಿದ್ದನ್ನು ದಾಖಲು ಮಾಡಿಕೊಳ್ಳುತ್ತವೆ, ಅದನ್ನು ಮರೆಯಬೇಡಿ. ಚಂದಾ ಕಟ್ಟಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ.

ಮಕ್ಕಳ ವಿಷಯಕ್ಕೆ ಮಾತ್ರ ನಾನು ಗಟ್ಟಿ. ಮಕ್ಕಳ ಮಾಹಿತಿ ತೆಗೆದುಕೊಂಡದ್ದಕ್ಕೆ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಸಣ್ಣ ಮಗುವಿಗೆ ಕಾರ್ಟೂನ್ ಯಾವುದು, ಜಾಹೀರಾತು ಯಾವುದು ಅಂತ ತಿಳಿಯುವುದಿಲ್ಲ. ಅವರಿಗೆ ಜಾಹೀರಾತೇ ಇಲ್ಲದ ದಾರಿ ಹುಡುಕಿ. ಅಂಥ ದಾರಿ ಇದೆ, ಈಗ ಅದಕ್ಕೇ ಬರುತ್ತೇನೆ.

ಪುಕ್ಕಟೆ ಅಂದರೆ ಜಾಹೀರಾತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅತಿ ಇಷ್ಟವಾದ ಭಾಗ ಬಹುಮಟ್ಟಿಗೆ ಜಾಹೀರಾತು ಇಲ್ಲದ್ದು. ಮೊದಲನೆಯದು ಲೈಬ್ರರಿ. ಕ್ಯಾನೊಪಿ ಅಂತ ಒಂದು ಸೇವೆ ಇದೆ, 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ನೀವು ಸದಸ್ಯರಾಗಿರುವ ಸಾರ್ವಜನಿಕ ಲೈಬ್ರರಿಯೋ ವಿಶ್ವವಿದ್ಯಾಲಯವೋ ಅದಕ್ಕೆ ಸೇರಿದ್ದರೆ, ಲೈಬ್ರರಿ ಕಾರ್ಡ್ ನಂಬರ್ ಹಾಕಿ ಒಳ್ಳೊಳ್ಳೆ ಸಿನಿಮಾ, ಸಾಕ್ಷ್ಯಚಿತ್ರ ನೋಡಬಹುದು. ದುಡ್ಡು ಲೈಬ್ರರಿ ಕಟ್ಟುತ್ತದೆ. ಅದಕ್ಕೇ ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ. ಅದರಲ್ಲಿ ಮಕ್ಕಳಿಗೆ ಬೇರೆ ವಿಭಾಗವೇ ಇದೆ. ಹೂಪ್ಲಾ ಕೂಡ ಇದೇ ಥರದ್ದು. ಎಲ್ಲ ದೇಶದ ಲೈಬ್ರರಿಗಳಲ್ಲೂ ಇದು ಇಲ್ಲ. ಆದರೆ ವಿದೇಶದಲ್ಲಿ ಓದುವ, ಕೆಲಸ ಮಾಡುವ ಎಷ್ಟೋ ಜನರ ಕಿಸೆಯಲ್ಲಿ ಆ ಕಾರ್ಡ್ ಇರುತ್ತದೆ, ಅದರಲ್ಲಿ ಸಿನಿಮಾ ಬರುತ್ತದೆ ಅಂತ ಮಾತ್ರ ಗೊತ್ತಿರುವುದಿಲ್ಲ.

ಎರಡನೆಯದು, ಸಾರ್ವಜನಿಕ ಸಂಸ್ಥೆಗಳು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1939ರಿಂದ ಸಿನಿಮಾ ಮಾಡುತ್ತಿದೆ, ಅವರ ಸಾವಿರಾರು ಕಿರುಚಿತ್ರ, ಅನಿಮೇಷನ್, ಸಾಕ್ಷ್ಯಚಿತ್ರ ಅವರ ಜಾಲತಾಣದಲ್ಲೇ ಪುಕ್ಕಟೆ ಇವೆ. ಕೊರಿಯನ್ ಫಿಲ್ಮ್ ಆರ್ಕೈವ್ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ನೂರಕ್ಕೂ ಹೆಚ್ಚು ಹಳೇ ಕೊರಿಯನ್ ಸಿನಿಮಾಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಇಟ್ಟಿದೆ. ರಷ್ಯಾದ ಮೋಸ್‌ಫಿಲ್ಮ್ ಕೂಡ ತನ್ನ ಹಳೇ ಸಿನಿಮಾಗಳನ್ನು ಯೂಟ್ಯೂಬ್‌ಗೆ ಹಾಕಿದೆ. ಬಾಹ್ಯಾಕಾಶ ಇಷ್ಟಪಡುವವರಿಗೆ 2023ರ ನವೆಂಬರ್‌ನಿಂದ ನಾಸಾ ಪ್ಲಸ್ ಇದೆ. ಚಂದಾ ಇಲ್ಲ, ಜಾಹೀರಾತೂ ಇಲ್ಲ. ಇವುಗಳಲ್ಲಿ ಒಂದು ವಾರ ಅಡ್ಡಾಡಿದ ಮೇಲೆ, ನೋಡಲು ಏನೂ ಇಲ್ಲ ಅನ್ನುವ ಮಾತು ನನ್ನ ಬಾಯಿಂದ ಬಂದಿಲ್ಲ.

ಮೂರನೆಯದು, ಹಕ್ಕಿನ ಅವಧಿ ಮುಗಿದ ಸಿನಿಮಾಗಳು. ಕಾಪಿರೈಟ್‌ಗೆ ಕೊನೆ ಇದೆ. ಅಮೆರಿಕದಲ್ಲಿ ಹಳೇ ಸಿನಿಮಾಗಳಿಗೆ 95 ವರ್ಷ, ಹಾಗಾಗಿ 1930ರಲ್ಲಿ ಬಂದವು 2026ರ ಜನವರಿ 1ಕ್ಕೆ ಎಲ್ಲರ ಸ್ವತ್ತಾದವು. ಭಾರತದಲ್ಲಿ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಕೆಲವು ಸಿನಿಮಾ ಅವಧಿಗೆ ಮುಂಚೆಯೇ ಕೈತಪ್ಪಿದ್ದೂ ಉಂಟು. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಕಥೆ ಹಾಗೆ. ಬಿಡುಗಡೆಗೆ ಮುಂಚೆ ಅದರ ಹೆಸರು ಬದಲಿಸಿದರು. ಹಳೇ ಹೆಸರಿನ ಫಲಕದ ಜೊತೆಗೇ ಇದ್ದ ಕಾಪಿರೈಟ್ ಸಾಲು ಹೊಸ ಫಲಕದಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಒಂದು ಸಾಲು ಬಿಟ್ಟಿದ್ದಕ್ಕೆ ಮಾಡಿದವರ ಕೈಯಿಂದ ಸಿನಿಮಾ ಹೋಯಿತು. ಇಂಥ ಸಿನಿಮಾಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ರಾಶಿ ರಾಶಿ ಇವೆ. ಒಂದು ಎಚ್ಚರ: ಮೂಕಿ ಸಿನಿಮಾ ಹಳೆಯದಾದರೂ ಅದಕ್ಕೆ ಇತ್ತೀಚೆಗೆ ಸೇರಿಸಿದ ಸಂಗೀತಕ್ಕೆ ಹಕ್ಕು ಇರಬಹುದು. ನೋಡುವವರಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ತೆಗೆದು ಬೇರೆ ಕಡೆ ಹಾಕುವವರಿಗೆ ಇದೆ.

ಈಗ ಕದ್ದಿದ್ದು ಯಾವುದು, ಸರಿಯಾದದ್ದು ಯಾವುದು ಅಂತ ಗೊತ್ತುಮಾಡಿಕೊಳ್ಳುವುದು. ಸಿನಿಮಾದ ಹಾದಿ ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಥಿಯೇಟರ್‌ನಲ್ಲಿ ಇನ್ನೂ ಓಡುತ್ತಿರುವ ಸಿನಿಮಾ ಪೂರ್ತಿ ಪುಕ್ಕಟೆ ಅಂದರೆ ಅದು ಕದ್ದದ್ದೇ, ಬೇರೆ ಮಾತಿಲ್ಲ. ಆ್ಯಪ್ ಸ್ಟೋರ್ ಬಿಟ್ಟು ಬೇರೆ ಲಿಂಕ್‌ನಿಂದ ಡೌನ್‌ಲೋಡ್ ಮಾಡಿ ಅಂದರೆ ಬೇಡ. ಪ್ಲೇ ಒತ್ತಿದರೆ ಇನ್ನೆರಡು ಕಿಟಕಿ ತೆರೆದುಕೊಂಡರೆ ಬೇಡ. ನಡೆಸುವ ಕಂಪನಿಯ ಹೆಸರೇ ಎಲ್ಲೂ ಇಲ್ಲದಿದ್ದರೆ ಬೇಡ. ಯೂಟ್ಯೂಬ್‌ನಲ್ಲಿ ಕಳ್ಳ ಪ್ರತಿಗೆ ಕೆಲವು ಗುರುತು ಇವೆ, ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಚಿತ್ರ ಎಡಬಲ ತಿರುಗಿರುತ್ತದೆ, ಬೋರ್ಡ್‌ನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತವೆ. ಇಲ್ಲವೇ ಚಿತ್ರದ ಸುತ್ತ ಬಣ್ಣದ ಚೌಕಟ್ಟು ಇರುತ್ತದೆ, ಅಥವಾ ಮಾತು ತುಸು ಕೀರಲಾಗಿ ಕೇಳುತ್ತದೆ. ಯೂಟ್ಯೂಬ್‌ನ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಮಾಡಿದ ಕೆಲಸ ಅದು. ಅಧಿಕೃತ ಚಾನೆಲ್‌ಗೆ ಅದರ ಅಗತ್ಯವೇ ಇಲ್ಲ, ಅಲ್ಲಿ ನಿರ್ಮಾಣ ಸಂಸ್ಥೆಯ ಹೆಸರು ಇರುತ್ತದೆ, ಚಿತ್ರ ಸ್ವಚ್ಛವಾಗಿರುತ್ತದೆ.

ಕದ್ದ ಪ್ರತಿ ನೋಡಿದರೆ ಏನೀಗ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನ್ಯಾಯದ ಮಾತು ಹಾಗಿರಲಿ, ದುಡ್ಡು ಉಳಿಸುವ ಲೆಕ್ಕದಲ್ಲೂ ಅದು ನಷ್ಟದ ದಾರಿ. ನನ್ನ ಸ್ನೇಹಿತನೊಬ್ಬ ಹೀಗೇ ಒಂದು ಪ್ಲೇಯರ್ ಹಾಕಿಕೊಂಡು, ಆಮೇಲೆ ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಎಲ್ಲ ಹಾಕಿಸಬೇಕಾಯಿತು. ಮಗಳ ಫೋಟೊಗಳಿಗೆ ಬೇರೆ ಪ್ರತಿ ಇರಲಿಲ್ಲ.

ಪುಕ್ಕಟೆ ಟ್ರಯಲ್ ಅನ್ನುವುದನ್ನು ಪುಕ್ಕಟೆ ಅಂತ ಲೆಕ್ಕ ಹಾಕಬೇಡಿ. ಕಾರ್ಡ್ ನಂಬರ್ ಕೇಳಿದರೆ ಅದು ನಾಳೆಯ ಚಂದಾ. ಸೇರುವುದಕ್ಕೆ ಒಂದು ಕ್ಲಿಕ್, ಬಿಡುವುದಕ್ಕೆ ನಾಲ್ಕು ಪುಟ. ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ದಾರಿ ತಪ್ಪಿಸಿ ಸೇರಿಸಿಕೊಂಡು, ಬಿಡುವುದನ್ನು ಕಷ್ಟ ಮಾಡಿದ್ದಾರೆ ಅಂತ ಅಮೆರಿಕದ ಅದೇ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಕೇಸು ಹಾಕಿತ್ತು. ಬಿಡುವ ಆ ಉದ್ದದ ದಾರಿಗೆ ಕಂಪನಿಯ ಒಳಗೆ 'ಇಲಿಯಡ್' ಅಂತ ಹೆಸರಿಟ್ಟಿದ್ದರಂತೆ, ಗ್ರೀಕರ ಆ ದೊಡ್ಡ ಯುದ್ಧಕಾವ್ಯದ ಹೆಸರು. 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ರಾಜಿ ಆಯಿತು, ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸ್.

ಇನ್ನು ಪುಕ್ಕಟೆಯ ಮಿತಿಗಳು. ಹಕ್ಕುಗಳನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ, ಹಾಗಾಗಿ ಅಲ್ಲಿ ಸಿಗುವುದು ಇಲ್ಲಿ ಸಿಗುವುದಿಲ್ಲ. ಬೇರೆ ದೇಶದಲ್ಲಿರುವ ಹಾಗೆ ತೋರಿಸುವ ವಿಪಿಎನ್ ಹಾಕಿ ನೋಡುವುದು ಸಾಮಾನ್ಯವಾಗಿ ಆ ಸೇವೆಯ ನಿಯಮಕ್ಕೆ ವಿರುದ್ಧ. ಬಿಬಿಸಿ ಐಪ್ಲೇಯರ್ ಪುಕ್ಕಟೆ ಅಂತ ಕಾಣುತ್ತದೆ, ಆದರೆ ಅದು ಬ್ರಿಟನ್‌ನವರಿಗೆ, ಅದೂ ದುಡ್ಡು ಕಟ್ಟಿ ಪಡೆಯುವ ಟಿವಿ ಲೈಸೆನ್ಸ್ ಇದ್ದವರಿಗೆ. ಪುಕ್ಕಟೆ ಸೇವೆಗಳು ಮುಚ್ಚಿಯೂ ಹೋಗುತ್ತವೆ. 2007ರಿಂದ ಇದ್ದ ಕ್ರ್ಯಾಕಲ್ 2024ರಲ್ಲಿ ಅದರ ಒಡೆಯ ಕಂಪನಿ ದಿವಾಳಿಯಾದಾಗ ನಿಂತಿತು. ಅಮೆಜಾನ್‌ನ ಫ್ರೀವೀ 2025ರಲ್ಲಿ ಪ್ರೈಮ್ ವಿಡಿಯೊ ಒಳಗೆ ಸೇರಿಹೋಯಿತು. ನೋಡಬೇಕು ಅಂತ ಅಲ್ಲಿ ಗುರುತು ಹಾಕಿಟ್ಟ ಪಟ್ಟಿಗೆ ಗ್ಯಾರಂಟಿ ಇಲ್ಲ. ನನ್ನ ಪಟ್ಟಿ ಈಗ ಒಂದು ನೋಟ್‌ಬುಕ್‌ನಲ್ಲಿದೆ. ಇಂಟರ್ನೆಟ್ ಖರ್ಚೂ ಇದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಗಂಟೆಗೆ ಮಾಮೂಲಿ ಗುಣಮಟ್ಟಕ್ಕೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ ಡೇಟಾ ಬೇಕು, ಬೇರೆ ಕಡೆಯೂ ಹೆಚ್ಚು ಕಡಿಮೆ ಇಷ್ಟೇ. ಮೊಬೈಲ್ ಡೇಟಾದಲ್ಲಿ ಸಣ್ಣ ಪರದೆಯಲ್ಲಿ ನೋಡುವಾಗ ಚಿತ್ರದ ಗುಣಮಟ್ಟವನ್ನು 480ಪಿಗೆ ಇಳಿಸಿದರೆ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ನಾವು ಮನೆಯಲ್ಲಿ ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ, ಹುಡುಕುವ ಕ್ರಮ ಬದಲಾಯಿಸಿದ್ದು ಅಷ್ಟೇ. ಮೊದಲು ಚಂದಾ ಆ್ಯಪ್ ತೆರೆದು ಅದು ತೋರಿಸಿದ್ದರಲ್ಲಿ ಆರಿಸುತ್ತಿದ್ದೆವು. ಈಗ ಏನು ನೋಡಬೇಕು ಅಂತ ಮೊದಲು ತೀರ್ಮಾನ. ಆಮೇಲೆ ಯಾವುದು ಎಲ್ಲಿದೆ ಅಂತ ಹೇಳುವ ಜಸ್ಟ್‌ವಾಚ್ ಜಾಲತಾಣದಲ್ಲಿ ಸಿನಿಮಾ ಹೆಸರು ಹಾಕಿ, ನಮ್ಮ ದೇಶ ಆರಿಸಿ, ಫ್ರೀ ಅನ್ನುವುದನ್ನು ಒತ್ತಿದರೆ ಎಲ್ಲಿ ಪುಕ್ಕಟೆ ಇದೆ ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಹೆಸರು ನೋಟ್‌ಬುಕ್‌ಗೆ ಹೋಗುತ್ತದೆ. ಒಂದೇ ಆ್ಯಪ್‌ನಲ್ಲಿರುವ ಐದಾರು ಹೆಸರು ಸೇರಿದಾಗ ಒಂದು ತಿಂಗಳಿಗೆ ಅದರ ಚಂದಾ ಕಟ್ಟುವುದು. ಕಟ್ಟಿದ ದಿನವೇ ಕ್ಯಾನ್ಸಲ್ ಮಾಡಿಬಿಡುವುದು. ಹೆಚ್ಚಿನ ಸೇವೆಗಳಲ್ಲಿ ಕಟ್ಟಿದ ಅವಧಿ ಮುಗಿಯುವವರೆಗೂ ನೋಡಬಹುದು, ಆದರೂ ಒತ್ತುವ ಮುಂಚೆ ಅಲ್ಲಿ ಬರೆದದ್ದು ಒಮ್ಮೆ ಓದಿಕೊಳ್ಳಿ. ಎರಡು ತಿಂಗಳು ಬಿಟ್ಟು ಬೇರೆ ಆ್ಯಪ್‌ನ ಸರದಿ. ಮೊದಲ ವಾರ ಮನೆಯಲ್ಲಿ ಗೊಣಗಾಟ ಇತ್ತು. ಎಲ್ಲರೂ ಮಾತಾಡುತ್ತಿರುವ ಸರಣಿ ನಾವು ಎರಡು ತಿಂಗಳು ತಡವಾಗಿ ನೋಡುತ್ತೇವೆ, ಅದು ನಿಜ. ಆದರೆ ಅಷ್ಟರಲ್ಲಿ ಅದು ಚೆನ್ನಾಗಿಲ್ಲ ಅಂತಲೂ ಎಷ್ಟೋ ಸಲ ಗೊತ್ತಾಗಿರುತ್ತದೆ.

ನಾಲ್ಕರಲ್ಲಿ ಮೂರು ಚಂದಾ ನಿಲ್ಲಿಸಿ ಆಗಿದೆ. ಉಳಿದ ಒಂದರ ಅವಧಿ ಮುಂದಿನ ಗುರುವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಅರ್ಧಕ್ಕೆ ಬಿಟ್ಟ ಆ ಸರಣಿಯ ಉಳಿದ ನಾಲ್ಕು ಕಂತು ನೋಡಿ ಮುಗಿಸಬೇಕು.